ಖಾಲಿ ಟೈಲರ್ಸಿನ ಯಜಮಾನ

ಗೋವಿಂದರಾಜನಗರದ ಆ ಟೈಲರ್ ಅಂಗಡಿಗೆ ಹೆಸರೇ ಇರಲಿಲ್ಲ. ಹೆಸರಿಡಬಾರದು ಎಂಬ ಹಟ ಯಾರಿಗೂ ಇರಲಿಲ್ಲ. ಆದರೆ ಅಲ್ಲಿ ಕೆಲಸ ಮಾಡುವ ನಾಲ್ವರೂ ಒಪ್ಪಿದ ಹೆಸರನ್ನೇ ಇಡಬೇಕು ಎಂಬ ನಿಯಮವಿತ್ತು, ನಾಲ್ವರೂ ಒಪ್ಪುವ ಹೆಸರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಬೋರ್ಡು ಬರೆಯುವವನು ಕಾದು ಕಾದು ಸಾಕಾಗಿ, ಬಲಗಡೆ ‘ಟೈಲರ್ಸ್’ ಎಂದು ಬರೆದು, ಎಡಗಡೆ ಜಾಗ ಬಿಟ್ಟು ಹೊರಟುಹೋದ. ಬಡಾವಣೆಯ ಜನ ಖಾಲಿ ಟೈಲರ್ಸ್ ಎಂದು ಕರೆದರು. ಅದೇ ನಿಂತಿತು.

ಇಂಥ ನಿಯಮಗಳಿಗೆಲ್ಲ ಮೂಲಪುರುಷ ಪಂಚಾಕ್ಷರಿ. ದಾವಣಗೆರೆ ಕಡೆಯವನು, ಬೆಂಗಳೂರಿಗೆ ಬಂದು ಚಿಕ್ಕಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಅರ್ಧ ಆಯಸ್ಸು ಹೊಲಿದವನು. ಅಲ್ಲಿಯ ಸಾಹುಕಾರನಿಗೆ ಒಂದು ಚಾಳಿಯಿತ್ತು. ಸಂಜೆ ಮನೆಗೆ ಹೊರಟ ಟೈಲರುಗಳ ಊಟದ ಡಬ್ಬಿ ಬಿಚ್ಚಿಸಿ, ಗುಂಡಿಯೋ ದಾರದುಂಡೆಯೋ ಕದ್ದೊಯ್ಯುತ್ತಿದ್ದಾರೆಯೇ ಎಂದು ಪರೀಕ್ಷೆ ಮಾಡುತ್ತಿದ್ದ. ಒಂದು ದಿನ ಪಂಚಾಕ್ಷರಿ ಉಳಿಸಿಕೊಂಡಿದ್ದ ಮೊಸರನ್ನದೊಳಗೂ ಬೆರಳಾಡಿಸಿದ. ಮರುದಿನದಿಂದ ಪಂಚಾಕ್ಷರಿ ಚಿಕ್ಕಪೇಟೆಯ ಕಡೆ ತಲೆ ಹಾಕಲಿಲ್ಲ.

ಕೆಲಸ ಬಿಟ್ಟ ವಾರವೇ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಅವನಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಬರೆದವರ ಹೆಸರಿಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ. ಒಡೆಯ ಬೇಡ, ಆಳು ಬೇಡ, ದುಡಿಯುವವರೇ ಕೂತು ತೀರ್ಮಾನ ಮಾಡಲಿ, ಬಂದದ್ದನ್ನು ಸಮವಾಗಿ ಹಂಚಿಕೊಳ್ಳಲಿ ಎಂದು ಪುಸ್ತಕ ಹೇಳುತ್ತಿತ್ತು. ಪ್ರತಿ ಪುಟಕ್ಕೂ ಅವನ ಎದೆ ಉಬ್ಬಿತು. ಒಡೆಯನನ್ನು ಕಳಿಸಿದ ಮೇಲೆ ಅಂಗಡಿ ನಡೆಸುವುದು ಹೇಗೆ ಎಂಬ ಅಧ್ಯಾಯ ಶುರುವಾಗುವ ಹೊತ್ತಿಗೆ ಪುಟಗಳೇ ಇರಲಿಲ್ಲ, ಯಾರೋ ಹರಿದು ಕಡಲೆಕಾಯಿ ಕಟ್ಟಿದ್ದರು. ಉಳಿದದ್ದನ್ನು ನಾವೇ ಬರೆಯೋಣ ಎಂದುಕೊಂಡು ಪಂಚಾಕ್ಷರಿ ಅಂಗಡಿ ತೆರೆದ.

ಎಮರ್ಜೆನ್ಸಿ ಆಗಷ್ಟೇ ಮುಗಿದಿತ್ತು. ಇನ್ನು ಯಾರ ಮಾತಿಗೂ ಹೆದರಬೇಕಿಲ್ಲ ಎಂಬ ಹುರುಪು ಬೀದಿಬೀದಿಯಲ್ಲೂ ಇತ್ತು. ಅಂಗಡಿಯ ಬಾಡಿಗೆ ಕರಾರು ಪಂಚಾಕ್ಷರಿಯ ಹೆಸರಿನಲ್ಲೇ ಇತ್ತು, ಮೆಷಿನ್ನುಗಳೂ ಅವನು ಕೊಂಡವೇ. ಆದರೆ ಆ ಮಾತು ಯಾರೂ ಆಡಕೂಡದು ಎಂದು ಅವನು ಹೇಳಿದ್ದ. ಅವನು ಹೇಳಿದ್ದಾನಲ್ಲ ಎಂದು ಯಾರೂ ಆಡುತ್ತಿರಲಿಲ್ಲ.

ಇನ್ನೊಂದು ನಿಯಮ ಗಿರಾಕಿಗಳನ್ನು ಗೋಳುಹೊಯ್ದುಕೊಂಡಿತು. ಟೈಲರ್ ಅಂಗಡಿಗೆ ಬಂದವರು ‘ಮಾಸ್ಟ್ರೇ’ ಎಂದು ಕೂಗುವುದು ಲೋಕರೂಢಿ. ಇಲ್ಲಿ ಮಾಸ್ಟರ್ ಎಂಬುವವನೇ ಇಲ್ಲದ ಮೇಲೆ ಆ ಕೂಗಿಗೆ ಯಾರೂ ಓಗೊಡಬಾರದು. ಹೀಗಾಗಿ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಬಂದವರು “ಮಾಸ್ಟ್ರೇ... ಮಾಸ್ಟ್ರೇ...” ಎಂದು ಗಂಟಲು ಹರಿದುಕೊಳ್ಳುತ್ತಿದ್ದರು, ಒಳಗಿನ ನಾಲ್ವರೂ ತಲೆಯೆತ್ತದೆ ಕೆಲಸ ಮಾಡುತ್ತಿದ್ದರು. ಪಾಪ, ಕಿವುಡರ ಸಂಘದವರು ನಡೆಸುತ್ತಿರುವ ಅಂಗಡಿ ಎಂದು ತಿಳಿದ ಒಬ್ಬ ಮಹನೀಯರು ಕೈಸನ್ನೆಯಲ್ಲೇ ಪೈಜಾಮ ಹೊಲಿಯಲು ಹೇಳಿ ಹೋದದ್ದುಂಟು.

ಎಲ್ಲ ಕೆಲಸವನ್ನೂ ಎಲ್ಲರೂ ಸರದಿಯಲ್ಲಿ ಮಾಡಬೇಕು ಎಂಬ ನಿಯಮವೂ ಇತ್ತು. ಅದು ಮುರಿದುಬಿದ್ದದ್ದು ಬೆಟ್ಟಯ್ಯನಿಂದ. ಬೆಟ್ಟಯ್ಯ ನಾಲ್ವರಲ್ಲಿ ಹಿರಿಯ, ಖಾಕಿ ಚಡ್ಡಿ ಹೊಲಿದೇ ಕೂದಲು ಬೆಳ್ಳಗಾದವನು, ಬೆಲ್ ಬಾಟಂ ಪ್ಯಾಂಟು ಕಂಡರೆ ಉರಿದುಬೀಳುತ್ತಿದ್ದ. ಅವನ ಕೈಗೆ ಕತ್ತರಿ ಬಂದ ವಾರ ಬಡಾವಣೆಯ ಹುಡುಗರ ಪ್ಯಾಂಟುಗಳೆಲ್ಲ ಕೋಳಿಕಾಲಿನಷ್ಟು ಕಿರಿದಾದವು. “ಬೆಲ್ಲೇ ಇಲ್ಲ, ಬರೀ ಬಾಟಂ ಇದೆ!” ಎಂದು ಹುಡುಗರು ಅಂಗಡಿ ಮುಂದೆ ಗಲಾಟೆ ಮಾಡಿದರು. ಮೀಟಿಂಗ್ ಸೇರಿ, ಸದ್ಯಕ್ಕೆ ವೆಂಕಟೇಶನೇ ಬಟ್ಟೆ ಕತ್ತರಿಸಲಿ ಎಂದು ತೀರ್ಮಾನವಾಯಿತು. ವೆಂಕಟೇಶ ಹೇರೋಹಳ್ಳಿಯ ಹುಡುಗ, ಕೈ ಚುರುಕು. ಆ ಸದ್ಯ ಇನ್ನೂ ನಡೆದೇ ಇತ್ತು. ಗುಂಡಿಗಳಿಗೆ ಕಾಜಾ ಹಾಕುವ ನರಸಮ್ಮ ಮಾತ್ರ ಸರದಿ ಇದ್ದಾಗಲೂ ಇಲ್ಲದಾಗಲೂ ಕಾಜಾವನ್ನೇ ಹಾಕುತ್ತಿದ್ದಳು.

ಇಷ್ಟೆಲ್ಲ ಆದರೂ ಪಂಚಾಕ್ಷರಿಗೆ ಒಂದು ಕೊರಗಿತ್ತು. ಶನಿವಾರ ಸಂಜೆ ಕಟಿಂಗ್ ಟೇಬಲ್ಲಿನ ಸುತ್ತ ಮೀಟಿಂಗ್ ನಡೆಯುತ್ತಿತ್ತು. ಒಬ್ಬರು ಬೇಡವೆಂದರೂ ಆ ಮಾತು ಅಲ್ಲಿಗೇ ನಿಲ್ಲಬೇಕು ಎಂಬುದು ನಿಯಮ. ವಿಷಯ ಯಾವುದೇ ಇರಲಿ, ಕೈ ಎತ್ತಿ ಎಂದಾಗ ಮೂವರ ಕಣ್ಣೂ ಮೊದಲು ಅವನ ಕೈಯ ಕಡೆ ಹೊರಳುತ್ತಿದ್ದವು. ಅವನ ಕೈ ಎದ್ದರೆ ಉಳಿದವೂ ಏಳುತ್ತಿದ್ದವು. ಅವನು ಬೇಕೆಂದೇ ಸುಮ್ಮನಿದ್ದರೆ, ಪಾಪ, ಇವರಿಗೆ ತುರಿಕೆಯಾದರೂ ಕೈ ಮೇಲೆ ಹೋಗುತ್ತಿರಲಿಲ್ಲ. ತನ್ನ ಮುಖ ನೋಡದೆ ಇವರು ಒಂದೇ ಒಂದು ತೀರ್ಮಾನ ಮಾಡಿದರೆ ಸಾಕು, ಬದುಕಿದ್ದು ಸಾರ್ಥಕ ಎಂದು ಅವನು ಮನಸ್ಸಿನಲ್ಲೇ ಹಂಬಲಿಸುತ್ತಿದ್ದ. ಅಷ್ಟಾಗದಿದ್ದರೆ ತಾನೂ ಆ ಸಾಹುಕಾರನೇ, ಮೊಸರನ್ನಕ್ಕೆ ಬೆರಳು ಹಾಕದ ಸಾಹುಕಾರ ಅಷ್ಟೇ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ವೆಂಕಟೇಶ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದ.

“ಅಣ್ಣಾ, ಒಂದು ವಿಷ್ಯ ಮೀಟಿಂಗಿಗೆ ಹಾಕ್ಲಾ?”

“ಹಾಕೋ. ನನ್ನನ್ಯಾಕೋ ಕೇಳ್ತೀಯ?”

“ಲಕ್ಷ್ಮಿದೇವಮ್ಮನ ಮನೆಯೋರು ನಾಳೆ ಭಾನ್ವಾರ ಅಲ್ಲ, ಮುಂದಿನ ಭಾನ್ವಾರ ಅಂಗಡಿ ನೋಡಕ್ಕೆ ಬರ್ತಾರಂತೆ.”

ಲಕ್ಷ್ಮಿದೇವಮ್ಮ ಹೆಗ್ಗನಹಳ್ಳಿಯ ಹುಡುಗಿ. ಊದುಬತ್ತಿ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮಾಗಡಿ ರೋಡಿನ ಬಸ್ಸಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನೋಡಿ, ಕೊನೆಗೆ ಬಸ್ಸಿಲ್ಲದೆಯೂ ನೋಡತೊಡಗಿದ್ದರು. ಅಂಗಡಿಯಲ್ಲಿ ಇದು ಯಾರಿಗೂ ಗುಟ್ಟಲ್ಲ. ವೆಂಕಟೇಶನ ಕೈಗೆ ಊದುಬತ್ತಿಯ ವಾಸನೆ ಬಂದ ದಿನ ನರಸಮ್ಮ ಮೂಗೆತ್ತಿ ಮೂಸಿ ಎಲ್ಲರಿಗೂ ಹೇಳಿಯಾಗಿತ್ತು.

“ಒಳ್ಳೇದಲ್ವೇನೋ! ಬರ್ಲಿ,” ಎಂದ ಪಂಚಾಕ್ಷರಿ.

“ಅವ್ರಪ್ಪ ಮುನಿಯಣ್ಣೋರು ಕೇಳಿದ್ರು, ಹುಡುಗ ಬರೀ ಟೈಲರ್ರಾ, ಕಟಿಂಗ್ ಮಾಸ್ಟ್ರಾ ಅಂತ.”

“ನೀನೇನಂದೆ?”

“ಮಾಸ್ಟ್ರು ಅಂದೆ.”

ಬೆಟ್ಟಯ್ಯನ ಮೆಷಿನ್ ನಿಂತಿತು. ವೆಂಕಟೇಶ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಒಂದೇ ಒಂದು ದಿನ ತಾನು ಮಾಸ್ಟರ್ ಆಗಬೇಕು, ಟೇಪು ಕೊರಳಿಗೆ ಹಾಕಿಕೊಳ್ಳಬೇಕು, ಉಳಿದವರು ಮಾಸ್ಟ್ರೇ ಎಂದು ಕರೆಯಬೇಕು. ಸೋಮವಾರ ಮತ್ತೆ ಎಲ್ಲ ಮೊದಲಿನಂತೆ.

“ಆಗಲ್ಲ ಕಣೋ,” ಎಂದ ಪಂಚಾಕ್ಷರಿ. “ಒಂದು ದಿನಕ್ಕೆ ಅಂತ ಕೂತ ಮಾಸ್ಟ್ರು ಇಳಿದಿದ್ದನ್ನ ಯಾರಾದ್ರೂ ನೋಡಿದೀರಾ?”

“ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ,” ಎಂದಳು ನರಸಮ್ಮ. “ನಾವು ಹೇಳೋದು ಒಂದೇ ಒಂದು ಸುಳ್ಳು ಪಂಚಾಕ್ಷರಣ್ಣ.”

“ಕೈ ಎತ್ತಿ ನೋಡೋಣ,” ಎಂದ ಅವನು.

ಮೂರು ಕೈಗಳು ಎದೆಯ ಮಟ್ಟಕ್ಕೆ ಬಂದವು. ಪಂಚಾಕ್ಷರಿಯ ಕೈ ಟೇಬಲ್ಲಿನ ಮೇಲೇ ಇತ್ತು. ಬೆಟ್ಟಯ್ಯನ ಕೈ ಕಿವಿ ಕೆರೆದು ಕೆಳಗಿಳಿಯಿತು. ನರಸಮ್ಮನ ಕೈ ಸೆರಗು ಸರಿಮಾಡಿತು. ತನ್ನ ಮದುವೆಗೆ ಎತ್ತಿದ ಕೈಯನ್ನು ವೆಂಕಟೇಶ ತಾನೇ ಇಳಿಸಿ, ಮೆಷಿನ್ನಿಗೆ ಹೋಗಿ ಸೂಜಿಗೆ ದಾರ ಪೋಣಿಸಲು ಕೂತ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ.

ಬೀಗ ಹಾಕುವಾಗ ನರಸಮ್ಮ ಸುಮ್ಮನಿರಲಿಲ್ಲ. “ನೀವೊಬ್ರು ಊಹೂಂ ಅಂದ್ರಿ, ನಿಂತೋಯ್ತು. ಚಿಕ್ಕಪೇಟೆ ಸಾಹುಕಾರ್ರು ಇದಕ್ಕಿಂತ ಇನ್ನೇನ್ ಮಾಡ್ತಿದ್ರು?”

ಆ ಮಾತು ಪಂಚಾಕ್ಷರಿಗೆ ಚುಚ್ಚಿತು. ಮನೆಯಲ್ಲಿ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಮಾಸ್ಟರ್ ಬೇಡ ಎಂದರೆ ತಾನು ಮಾಸ್ಟರ್, ಮಾಸ್ಟರ್ ಇರಲಿ ಎಂದರೆ ವೆಂಕಟೇಶ ಮಾಸ್ಟರ್. ಇದೊಳ್ಳೆ ಫಜೀತಿಯಾಯಿತಲ್ಲ ಎಂದುಕೊಂಡ. ಬೆಳಿಗ್ಗೆ ಅಂಗಡಿಗೆ ಬಂದವನೇ, ಮಾತಿಲ್ಲದೆ ಕೈ ಎತ್ತಿ ನಿಂತ. ಮೂರು ಕೈಗಳು ತಕ್ಷಣ ಎದ್ದವು. ಎಲ್ಲರೂ ನಕ್ಕರು, ವೆಂಕಟೇಶ ಅವನ ಕಾಲು ಮುಟ್ಟಲು ಬಂದ. ಪಂಚಾಕ್ಷರಿಗೆ ಮಾತ್ರ ಇದೂ ಗೆಲುವು ಅನ್ನಿಸಲಿಲ್ಲ.

ಹೇಳಿದ ಭಾನುವಾರ ಬಂತು. ವೆಂಕಟೇಶ ಬೀದಿ ಗುಡಿಸುವಷ್ಟು ಅಗಲದ ಬೆಲ್ ಬಾಟಂ ಹಾಕಿ, ಟೇಪನ್ನು ಕೊರಳಿಗೆ ಹಾರದ ಹಾಗೆ ಇಳಿಬಿಟ್ಟು ನಿಂತಿದ್ದ. ನರಸಮ್ಮ ಬಡ್ತಿ ಪಡೆದು ಮೆಷಿನ್ನಿಗೆ ಕೂತಿದ್ದಳು. ಪಂಚಾಕ್ಷರಿಗೆ ಬಾಗಿಲ ಪಕ್ಕದ ಮೂಲೆಯಲ್ಲಿ ಹಲಗೆ ಹಾಕಿ, ಒಂದು ಷರ್ಟು ಕೊಟ್ಟು ಕಾಜಾ ಹಾಕಲು ಕೂರಿಸಿದ್ದರು. “ಮಾಸ್ಟ್ರೇ ಅಂತ ಒಂದ್ಸಲ ಅನ್ನಯ್ಯ, ಅಭ್ಯಾಸ ಆಗ್ಲಿ,” ಎಂದು ಬೆಟ್ಟಯ್ಯ ಬೆಳಗಿನಿಂದ ಪೀಡಿಸುತ್ತಿದ್ದ. ಪಂಚಾಕ್ಷರಿ “ಮಾ...” ಎಂದು ಶುರುಮಾಡಿ ಕೆಮ್ಮುತ್ತಿದ್ದ.

ಮುನಿಯಣ್ಣ ಬಿಳಿ ಪಂಚೆಯುಟ್ಟು ಬಂದ. ಹೊಲ ಸೈಟುಗಳಾದ ಮೇಲೆ ಅವನ ನಡಿಗೆಗೆ ಒಂದು ಗತ್ತು ಬಂದಿತ್ತು. ಆದರೆ ಗತ್ತಿನ ಹಿಂದೆ ಅವನ ತಾಯಿ ಮುನಿತಾಯಮ್ಮ ಎಲೆಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಆ ಮನೆಯಲ್ಲಿ ಮಾತು ನಡೆಯುವುದು ಯಾರದೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

“ಬನ್ನಿ ಬನ್ನಿ, ನಮ್ಮ ಮಾಸ್ಟ್ರು ನಿಮ್ಮ ದಾರೀನೇ ಕಾಯ್ತಿದ್ರು,” ಎಂದಳು ನರಸಮ್ಮ, ನಾಟಕದ ಕಂಪನಿಯಲ್ಲೇ ಹುಟ್ಟಿ ಬೆಳೆದವಳ ಹಾಗೆ.

ಮುನಿಯಣ್ಣ ವೆಂಕಟೇಶನೊಂದಿಗೆ ಟೇಬಲ್ಲಿನ ಬಳಿ ಕೂತ. ಮುನಿತಾಯಮ್ಮ ನೇರ ಮೂಲೆಗೆ ಬಂದು ಪಂಚಾಕ್ಷರಿಯ ಹಲಗೆಯ ಮೇಲೇ ಕೂತಳು.

“ನೋಡಪ್ಪಾ, ಯಜಮಾನನ ವಿಷ್ಯ ಯಜಮಾನನ್ನ ಕೇಳಬಾರ್ದು, ಆಳನ್ನ ಕೇಳ್ಬೇಕು. ಸತ್ಯ ಹೇಳು, ಹುಡುಗ ಬೈತಾನಾ?”

“ಇಲ್ಲಮ್ಮ. ಇವತ್ತಿನವರ್ಗೂ ಒಂದು ಮಾತಂದಿಲ್ಲ.”

“ಬೈಯೋದೇ ಇಲ್ವಾ? ಮತ್ತೆ ಕೆಲಸ ಹೆಂಗ್ ಮಾಡಿಸ್ತಾನೆ?”

“ಮಾಡಿಸಲ್ಲಮ್ಮ. ನಾವೇ ಮಾಡ್ತೀವಿ.”

ಮುನಿತಾಯಮ್ಮ ಅಡಿಕೆ ಬಾಯಿಗೆ ಹಾಕಿಕೊಂಡು ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

“ನಿಂಗೆ ಸಂಬಳ ಸರಿಯಾಗಿ ಕೊಡ್ತಾನಾ?”

“ಅವನು ತಗೊಳ್ಳೋವಷ್ಟೇ ನಮಗೂ. ನಾಲ್ಕು ಜನಕ್ಕೂ ಸಮಪಾಲು.”

ಇದನ್ನು ಹೇಳುವಾಗ ಪಂಚಾಕ್ಷರಿಗೆ ತಾನು ಎಲ್ಲಿ ಕೂತಿದ್ದೇನೆ, ಯಾಕೆ ಕೂತಿದ್ದೇನೆ ಎಂಬುದೇ ಮರೆತುಹೋಯಿತು. ಇಷ್ಟು ದಿನ ಈ ಅಂಗಡಿಯ ಬಗ್ಗೆ ಯಾರೂ ಅವನನ್ನು ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

“ಕಾಜಾ ಹಾಕೋ ನಿಂಗೂ ಕತ್ತರಿ ಹಿಡಿಯೋ ಅವನಿಗೂ ಒಂದೇನಾ?”

“ಒಂದೇ ಅಮ್ಮ!” ಎಂದ ಪಂಚಾಕ್ಷರಿ, ಮುಖವೆಲ್ಲ ಬೆಳಗಿಸಿಕೊಂಡು.

ಮುನಿತಾಯಮ್ಮ ಎದ್ದು ನಿಂತಳು. “ಏಳೋ ಮುನಿಯಣ್ಣ. ಬಸ್ ಹಿಡಿಯೋಣ.”

“ಯಾಕವ್ವ?”

“ಹುಡುಗ ನೋಡಕ್ಕೇನೋ ಲಕ್ಷಣವಾಗವ್ನೆ. ತಲೆ ಸರಿಯಿಲ್ಲ. ಆಳಿಗೂ ತನಗೂ ಸಮಪಾಲು ಹಂಚ್ಕೋತಾನಂತೆ! ಇಂಥೋನ ಕೈಗೆ ಕೊಟ್ರೆ ನಮ್ಮ ಹುಡುಗಿ ತಾಳೀನೂ ಬೀದಿಯೋರಿಗೆ ಹಂಚ್ಬಿಡ್ತಾನೆ.”

ವೆಂಕಟೇಶನ ಮುಖ ಬಿಳುಚಿಕೊಂಡಿತು. ಮುನಿಯಣ್ಣ ಪಂಚೆ ಸರಿಮಾಡಿಕೊಂಡು ಎದ್ದೇಬಿಟ್ಟ. ಆಗ ಮೂವರೂ ತಿರುಗಿ ಪಂಚಾಕ್ಷರಿಯ ಮುಖ ನೋಡಿದರು. ಅದೇ ನೋಟ. ಅವನು ಅಷ್ಟೊಂದು ದ್ವೇಷಿಸುತ್ತಿದ್ದ ನೋಟ. ಆದರೆ ಈ ಸಲ ಅದರಲ್ಲಿ ಒಬ್ಬ ಹುಡುಗನ ಬಾಳು ಇತ್ತು, ಮೀಟಿಂಗ್ ಕರೆಯಲು ಹೊತ್ತಿರಲಿಲ್ಲ.

ಪಂಚಾಕ್ಷರಿ ಷರ್ಟು ಕೆಳಗಿಟ್ಟು ಎದ್ದ. “ನಿಂತ್ಕೊಳಿ ಅಮ್ಮ. ಆ ತಲೆ ಸರಿಯಿಲ್ಲದೋನು ಅವನಲ್ಲ, ನಾನು. ಅಂಗಡಿ ನಂದು. ಮೆಷಿನ್ ನಂದು. ಸಮಪಾಲು ಹಂಚೋ ತಿಕ್ಕಲೂ ನಂದೇ. ನಾನು ಇದರ ಓನರ್ರು. ಹುಡುಗ ನಾನಿಟ್ಟ ಮಾಸ್ಟ್ರು, ನಾನ್ ಹೇಳಿದ್ದಕ್ಕೆ ತಲೆಯಾಡಿಸ್ತಾನೆ, ಅವನ ಬುದ್ಧಿ ನೆಟ್ಟಗಿದೆ.”

ಓನರ್ ಎಂಬ ಪದ ಬಾಯಿಂದ ಹೊರಟಾಗ ಅವನಿಗೆ ಮೆಣಸಿನಕಾಯಿ ಅಗಿದ ಹಾಗಾಯಿತು.

ಮುನಿತಾಯಮ್ಮ ಸುಲಭಕ್ಕೆ ನಂಬುವವಳಲ್ಲ. “ಓನರ್ರು ಮೂಲೇಲಿ ಕೂತು ಕಾಜಾ ಹಾಕ್ತಾನಾ?”

“ಓನರ್ರು ಎದುರಿಗಿದ್ರೆ ಮಾಸ್ಟ್ರಿಗೆ ಮರ್ಯಾದೆ ಕಮ್ಮಿ ಆಗುತ್ತೆ ಅಂತ ಕೂತೆ.”

“ಹಂಗಾದ್ರೆ ಒಂದು ಮಾತು ಹೇಳು, ಯಾರು ಏಳ್ತಾರೋ ನೋಡೋಣ.”

ಪಂಚಾಕ್ಷರಿ ಬೆವೆತ. ನರಸಮ್ಮನನ್ನು ಅವನು ಎಂದೂ ಏಕವಚನದಲ್ಲಿ ಕರೆದವನಲ್ಲ. ಕಣ್ಣು ಮುಚ್ಚಿ, ಚಿಕ್ಕಪೇಟೆಯ ಸಾಹುಕಾರನನ್ನೇ ನೆನೆದು, ಗುಡುಗಿದ. “ಏಯ್ ನರಸಮ್ಮ! ಏನ್ ನೋಡ್ತಾ ಕೂತಿದೀಯ? ಹೋಗಿ ಕಾಫಿ ತಗೊಂಬಾ!”

ನರಸಮ್ಮ ಚಂಗನೆ ಎದ್ದಳು. ಬೆಟ್ಟಯ್ಯನೂ ಎದ್ದ. ಮಾಸ್ಟರ್ ವೆಂಕಟೇಶನೂ ಎದ್ದ. ಕಿರಿದಾದ ಬಾಗಿಲಲ್ಲಿ ಮೂವರೂ ಒಟ್ಟಿಗೆ ಸಿಕ್ಕಿಕೊಂಡರು. ಮುನಿತಾಯಮ್ಮ ಬಾಯಿ ತುಂಬ ನಕ್ಕಳು.

“ಯಜಮಾನನಿಗೆ ತಿಕ್ಕಲಿದ್ರೆ ಇರ್ಲಿ ಬಿಡು, ಹುಡುಗನಿಗೆ ಇರಬಾರ್ದು. ಕೂತ್ಕೊ ಮುನಿಯಣ್ಣ, ಕಾಫಿ ಕುಡ್ಕೊಂಡು ಹೋಗೋಣ.”

ಕಾಫಿ ಮುಗಿಯುವಷ್ಟರಲ್ಲಿ ಶ್ರಾವಣದಲ್ಲಿ ಮದುವೆ ಎಂದು ಮಾತಾಯಿತು. ಎಲ್ಲರೂ ಸಂತೋಷದಲ್ಲಿದ್ದರು. ಪಂಚಾಕ್ಷರಿಗೂ ಹುಡುಗನ ಮುಖ ನೋಡಿ ಸಂತೋಷವಾಗದೆ ಇರಲಿಲ್ಲ. ಆದರೆ ಮನೆಗೆ ನಡೆಯುವಾಗ ಆ ಬಾಗಿಲಲ್ಲಿ ಸಿಕ್ಕಿಕೊಂಡ ಮೂರು ಮೈಗಳೇ ಕಣ್ಣಿಗೆ ಕಟ್ಟುತ್ತಿದ್ದವು. ಎಷ್ಟು ಸಲೀಸಾಗಿ ಎದ್ದುಬಿಟ್ಟರು! ಇಷ್ಟು ದಿನದ ಮೀಟಿಂಗುಗಳೆಲ್ಲ ಒಂದು ಗುಡುಗಿಗೆ ನೀರುಪಾಲಾದವಲ್ಲ ಎಂದುಕೊಂಡ.

ಸೋಮವಾರ ಅವನು ಅಂಗಡಿಗೆ ತಡವಾಗಿ ಬಂದ. ಮೂವರೂ ಆಗಲೇ ಟೇಬಲ್ಲಿನ ಸುತ್ತ ಕೂತಿದ್ದರು. ಸೋಮವಾರ ಮೀಟಿಂಗ್ ಇರುವ ದಿನವಲ್ಲ, ಕರೆದವನೂ ಅವನಲ್ಲ.

“ನಂದು ತಪ್ಪಾಯ್ತು,” ಎಂದು ಅವನು ನಿಂತೇ ಶುರುಮಾಡಿದ. “ಅಂಗಡಿ ನಂದು ಅಂದ್ಬಿಟ್ಟೆ. ನರಸಮ್ಮೋರೇ, ನಿಮ್ಮನ್ನ ಹಂಗೆ ಕೂಗಬಾರ್ದಿತ್ತು. ನಾನ್ ಗುಡುಗಿದ ತಕ್ಷಣ ನೀವೆಲ್ಲ ಎದ್ರಲ್ಲ, ಅದನ್ನ ನೋಡಿ...”

“ಅಯ್ಯೋ, ನಾವೆಲ್ಲಿ ನಿಮ್ಮ ಮಾತಿಗೆ ಎದ್ವಿ?” ಎಂದಳು ನರಸಮ್ಮ. “ಆ ಮುದುಕಿ ಬಸ್ ಹತ್ತಿಬಿಟ್ರೆ ಅಂತ ಹುಡುಗನಿಗೋಸ್ಕರ ಎದ್ವಿ. ನೀವು ಕೂಗಿದ್ದು ಅರ್ಧ ನಂಗೆ ಕೇಳಿಸ್ಲೇ ಇಲ್ಲ. ಕೂತ್ಕೊಳಿ, ನಿಮ್ಮ ವಿಷ್ಯಾನೇ ಮಾತಾಡ್ತಿದ್ವಿ.”

ವಿಷಯ ಹೀಗಿತ್ತು. ಮದುವೆಯ ಬಟ್ಟೆಗಳನ್ನೆಲ್ಲ ಇಲ್ಲೇ ಹೊಲಿಸುತ್ತೇನೆ, ಆಗಾಗ ಬಂದು ನೋಡುತ್ತೇನೆ ಎಂದು ಮುನಿತಾಯಮ್ಮ ಹೇಳಿ ಹೋಗಿದ್ದಳು. ಬಂದಾಗಲೆಲ್ಲ ಅಂಗಡಿಯಲ್ಲಿ ಓನರ್ ಇರಬೇಕು. ಆದ್ದರಿಂದ ಶ್ರಾವಣದವರೆಗೆ ಪಂಚಾಕ್ಷರಿ ಓನರ್ ಆಗಿರತಕ್ಕದ್ದು ಎಂದು ಮೂವರೂ ಮಾತಾಡಿಕೊಂಡಿದ್ದರು.

“ಪ್ರಾಣ ಹೋದ್ರೂ ಆಗಲ್ಲ!” ಪಂಚಾಕ್ಷರಿ ಟೇಬಲ್ ಗುದ್ದಿದ. “ಒಬ್ರು ಬೇಡ ಅಂದ್ರೂ ಬೇಡ. ನಿಯಮ ಅಂದ್ರೆ ನಿಯಮ.”

ಬೆಟ್ಟಯ್ಯ ಕನ್ನಡಕ ತೆಗೆದು ಒರೆಸಿಕೊಂಡ. “ಪಂಚಾಕ್ಷರಿ, ಆ ನಿಯಮ ಮಾಡಿದ್ದು ಯಾರಯ್ಯಾ?”

“ನಾನೇ.”

“ಯಾರನ್ನ ಕೇಳಿ ಮಾಡ್ದೆ?”

ಅವೆನ್ಯೂ ರೋಡಿನ ಆ ಪುಸ್ತಕದಲ್ಲಿ ಇದಕ್ಕೆ ಉತ್ತರವಿದ್ದಿದ್ದರೆ ಅದು ಕಡಲೆಕಾಯಿಯ ಜೊತೆ ಹೋಗಿತ್ತು.

“ಕೈ ಎತ್ತಿ,” ಎಂದಳು ನರಸಮ್ಮ.

ಮೂರು ಕೈಗಳು ಎದ್ದವು. ಪಂಚಾಕ್ಷರಿ ತನ್ನ ಎರಡೂ ಕೈಗಳನ್ನು ಟೇಬಲ್ಲಿನ ಮೇಲೆ ಅದುಮಿ ಹಿಡಿದು, ಅವು ಇಳಿಯಲಿ ಎಂದು ಕಾದ. ಇಳಿಯಲಿಲ್ಲ. ವೆಂಕಟೇಶ ಕಿಟಕಿಯಾಚೆ ನೋಡುತ್ತಿದ್ದ, ಬೆಟ್ಟಯ್ಯ ಒಂದು ಕೈ ಮೇಲಿಟ್ಟುಕೊಂಡೇ ಇನ್ನೊಂದರಲ್ಲಿ ಕನ್ನಡಕ ಹಾಕಿಕೊಳ್ಳುತ್ತಿದ್ದ, ನರಸಮ್ಮ ಕೈಗಳನ್ನು ಎಣಿಸುತ್ತಿದ್ದಳು. ಅವನ ಕಡೆ ನೋಡುತ್ತಿದ್ದವರು ಯಾರೂ ಇರಲಿಲ್ಲ. ಅವನು ಕೈ ಎತ್ತಿದ್ದಾನೋ ಇಲ್ಲವೋ ಎಂಬುದೇ ಅವರಿಗೆ ಬೇಕಿರಲಿಲ್ಲ.

ಅಂಗಡಿ ತೆರೆದ ದಿನವೂ ಪಂಚಾಕ್ಷರಿಗೆ ಇಷ್ಟು ಆನಂದವಾಗಿರಲಿಲ್ಲ. ಸೋತಿದ್ದೇನೆ, ಸೊಗಸಾಗಿ ಸೋತಿದ್ದೇನೆ ಎಂದು ಕುಣಿಯಬೇಕೆನ್ನಿಸಿತು. ಏನೂ ತೋರಿಸಿಕೊಳ್ಳದೆ ಕೇಳಿದ.

“ಸರಿ, ಓನರ್ ಆದ್ರೆ ನಾನೇನ್ ಮಾಡ್ಬೇಕು?”

“ಏನೂ ಮಾಡ್ಬೇಡಿ. ಓನರ್ ಅಂದ್ರೆ ಅಷ್ಟೇ ಅಲ್ವಾ?” ಎಂದಳು ನರಸಮ್ಮ. ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದು ಹಾಕಿ, ಅವನನ್ನು ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳಿಗೆ ಸಮಾಧಾನವಾಗಲಿಲ್ಲ.

“ಹಂಗ್ ಹಲ್ಲು ಕಿರೀಬೇಡಿ ಪಂಚಾಕ್ಷರಣ್ಣ. ಮುಖ ಸ್ವಲ್ಪ ಗಂಟು ಹಾಕ್ಕೊಳಿ. ಇಷ್ಟು ಖುಷಿಯಾಗಿರೋ ಓನರ್ರನ್ನ ಆ ಮುದುಕಿ ನಂಬಲ್ಲ.”